ಮಿತಸಾಧನ ಮತ್ತು ಔಚಿತ್ಯ: ಒಂದು ಗೀತಚಿತ್ರದ ವಿಮರ್ಶೆ

ಗೀತಚಿತ್ರವೆಂಬುದು ಮೂಲತಃ ಪ್ರಚಾರದ ಸಾಧನ. ಧ್ವನಿಮುದ್ರಿಕೆಯ ಮಾರಾಟಕ್ಕಾಗಿ ಹುಟ್ಟಿದ ಈ ಕಿರುರೂಪವನ್ನು ಕಲಾವಿಮರ್ಶೆಯ ಕಕ್ಷೆಗೆ ತರಬಹುದೇ ಎಂಬ ಶಂಕೆ ಸಹಜವಾದುದು. ಆದರೆ ಅರಸನ ಕೀರ್ತಿಗಾಗಿ ಬರೆಯಿಸಿದ ಶಾಸನದಲ್ಲಿಯೂ ಕಾವ್ಯಗುಣವನ್ನು ಅರಸುವ ನಾವು, ಹುಟ್ಟಿನ ಪ್ರಯೋಜನವೊಂದನ್ನೇ ನೋಡಿ ಕೃತಿಯ ಬೆಲೆ ಕಟ್ಟುವುದು ನ್ಯಾಯವಲ್ಲ. ಅಲ್ಪವೆಚ್ಚದಲ್ಲಿ ಸಿದ್ಧವಾದ ಇಂಥದೊಂದು ಪ್ರಸಿದ್ಧ ಕೃತಿಯನ್ನು, ಎಂದರೆ ಇಂಗ್ಲೆಂಡಿನ ‘ಕ್ವೀನ್’ ರಾಕ್ ವೃಂದದ ‘ಬೊಹೀಮಿಯನ್ ರ‍್ಯಾಪ್ಸೊಡಿ’ಯ ಚಿತ್ರವನ್ನು, ಇಲ್ಲಿ ಪರಿಶೀಲಿಸಲಾಗಿದೆ.

ಮೊದಲು ಅದು ಸಿದ್ಧವಾದ ಸಂದರ್ಭ. 1975ರ ಅಕ್ಟೋಬರ್ ಕೊನೆಯಲ್ಲಿ ಹಾಡಿನ ಮುದ್ರಿಕೆ ಹೊರಬಂದಿತು; ನವೆಂಬರ್ 14ರಂದು ಲಿವರ್‌ಪೂಲಿನಲ್ಲಿ ವೃಂದದ ಪ್ರವಾಸ ಆರಂಭವಾಗಲಿತ್ತು. ಆಗ ಬಿ.ಬಿ.ಸಿ.ಯ ‘ಟಾಪ್ ಆಫ್ ದಿ ಪಾಪ್ಸ್’ ಕಾರ್ಯಕ್ರಮ ಜನಪ್ರಿಯ ಹಾಡುಗಳಿಗೆ ಹೆಬ್ಬಾಗಿಲಿನಂತಿತ್ತು. ಊರಿಂದೂರಿಗೆ ಸಂಚರಿಸುವವರು ಅಲ್ಲಿ ಖುದ್ದಾಗಿ ನಿಲ್ಲುವುದು ಕಷ್ಟ. ಸುಮಾರು ಆರು ನಿಮಿಷಗಳ ಈ ಜಟಿಲ ಹಾಡಿಗೆ ಸುಮ್ಮನೆ ತುಟಿಯಾಡಿಸುವುದೂ ಶೋಭಿಸದು. ಆದುದರಿಂದ ತಮಗೆ ಬದಲಾಗಿ ತಮ್ಮ ಬಿಂಬವನ್ನು ಕಳುಹಿಸಿದರು. ಪ್ರವಾಸದ ಪೂರ್ವಾಭ್ಯಾಸ ನಡೆಯುತ್ತಿದ್ದ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿಯೇ, ಬ್ರೂಸ್ ಗೋವರ್ಸ್ ನಿರ್ದೇಶನದಲ್ಲಿ, ವೀಡಿಯೋ ಟೇಪಿನ ಮೇಲೆ, ನಾಲ್ಕು ಗಂಟೆಗಳಷ್ಟು ಕಾಲದಲ್ಲಿ ಚಿತ್ರೀಕರಣ ಮುಗಿಯಿತು. ವೆಚ್ಚ 5,000 ಪೌಂಡುಗಳನ್ನು ಮೀರಲಿಲ್ಲ.

ಇದೇ ಮೊಟ್ಟಮೊದಲ ಗೀತಚಿತ್ರವೆಂಬ ರೂಢಿಯ ಮಾತು ಸರಿಯಲ್ಲ. 1965ರಲ್ಲಿಯೇ ಇಂಗ್ಲೆಂಡಿನ ಪ್ರವಾಸದಲ್ಲಿದ್ದ ಬಾಬ್ ಡಿಲನ್ ಲಂಡನ್ನಿನ ಸವಾಯ್ ಹೋಟೆಲಿನ ಹಿಂದಿನ ಓಣಿಯಲ್ಲಿ ನಿಂತು, ಹಾಡಿನ ಪದಗಳನ್ನು ಬರೆದ ರಟ್ಟುಗಳನ್ನು ಒಂದೊಂದಾಗಿ ಎಸೆಯುತ್ತ ಹೋದುದನ್ನು ಪೆನ್ನೆಬೇಕರ್ ಚಿತ್ರಿಸಿದ್ದರು. ಕ್ವೀನ್ ಚಿತ್ರದ ಹಿರಿಮೆ ಆದ್ಯತೆಯಲ್ಲಿಲ್ಲ, ಔಚಿತ್ಯದಲ್ಲಿದೆ.

ಆ ಔಚಿತ್ಯವೆಂಥದು? ಹಾಡಿನ ನಡುಭಾಗ ಆಪೆರಾದ ಅನುಕರಣೆ. ಅಲ್ಲಿ ಕೇಳಿಬರುವ ಮಹಾಮೇಳ ವಾಸ್ತವದಲ್ಲಿ ಮರ್ಕ್ಯುರಿ, ಮೇ, ಟೇಲರ್ ಎಂಬ ಮೂವರದೇ ಕಂಠ. ಪದರದ ಮೇಲೆ ಪದರವಾಗಿ ಮುದ್ರಿಸಿ ಅದನ್ನು ಬೆಳೆಸಲಾಗಿದೆ. ವೇದಿಕೆಯ ಮೇಲೆ ಇದು ಅಸಾಧ್ಯ. ಸಭೆಗಳಲ್ಲಿ ವೃಂದದವರು ಈ ಭಾಗ ಬಂದಾಗ ರಂಗದಿಂದ ಸರಿದು ಟೇಪನ್ನು ನುಡಿಸುತ್ತಿದ್ದುದೂ ಅದಕ್ಕಾಗಿಯೇ. ಚಿತ್ರದಲ್ಲಿಯಾದರೋ ಕತ್ತಲೆಯಿಂದ ನಾಲ್ಕು ಮುಖಗಳು ಮೂಡಿ, ಪಟ್ಟಕದಂತಹ ಮಸೂರದ ಮೂಲಕ ಹಲವಾಗಿ ಒಡೆಯುತ್ತವೆ. ಮೂರು ಕಂಠಗಳು ಮೇಳವಾದ ವಿಧಾನವೂ ನಾಲ್ಕು ಮುಖಗಳು ಗುಂಪಾದ ವಿಧಾನವೂ ಒಂದೇ: ಎರಡೂ ಪುನರಾವೃತ್ತಿ. ರಂಗಸ್ಥಳ ಕಾಣಿಸಲಾರದ ಗಾಯಕಗಣಕ್ಕೆ ಚಿತ್ರ ಹೀಗೆ ರೂಪ ಕೊಟ್ಟಿತು. ಹಾಡು ಮತ್ತೆ ರಾಕ್ ಆಗಿ ಸಿಡಿದೊಡನೆ ಚಿತ್ರವೂ ರಂಗದ ಬೆಳಕಿಗೆ ಮರಳುತ್ತದೆ.

ಪ್ರತ್ಯೇಕ ಪ್ರಯತ್ನವಿಲ್ಲದೆ ರಸದೊಡನೆಯೇ ಮೂಡಿಬರುವ ಅಲಂಕಾರವೇ ನಿಜವಾದ ಅಲಂಕಾರವೆಂಬುದು ಆನಂದವರ್ಧನನ ಮತ. ಆ ಒರೆಗಲ್ಲಿನ ಮೇಲೆ ಈ ಭಾಗ ನಿಲ್ಲುತ್ತದೆ. ನಾಲ್ಕು ಮುಖಗಳ ವಿನ್ಯಾಸವನ್ನೂ ಹೊಸದಾಗಿ ಹುಡುಕಲಿಲ್ಲ. 1974ರ ‘ಕ್ವೀನ್ 2’ ಮುದ್ರಿಕೆಯ ಹೊದಿಕೆಗಾಗಿ ಮಿಕ್ ರಾಕ್ ತೆಗೆದ ಛಾಯಾಚಿತ್ರವೇ ಇಲ್ಲಿ ಚಲಿಸತೊಡಗಿತು. ಇದ್ದುದನ್ನು ಬಳಸಿದ ಮಿತವ್ಯಯವೇ ಇಲ್ಲಿ ರೂಪವಾಗಿದೆ.

ದೋಷವಿಲ್ಲವೆಂದಲ್ಲ. ಕ್ಯಾಮೆರಾವನ್ನು ಅದರದೇ ದೃಶ್ಯಫಲಕದತ್ತ ತಿರುಗಿಸಿ, ಒಂದು ಮುಖದ ಹಿಂದೆ ಅದೇ ಮುಖದ ಸಾಲು ಹರಿಯುವಂತೆ ಮಾಡಿದ ಎಡೆಗಳಲ್ಲಿ ಕಣ್ಣು ಬೆರಗಾಗುತ್ತದೆ, ಕಿವಿಗೆ ಹೊಸತೇನೂ ದಕ್ಕುವುದಿಲ್ಲ. ನಾಲ್ಕನೆಯ ಮುಖವಾದ ಡೀಕನ್ ಮುದ್ರಿಕೆಯ ಮೇಳದಲ್ಲಿ ಹಾಡಿದವರಲ್ಲವೆಂಬ ಆಕ್ಷೇಪವೂ ಬರಬಹುದು. ಆದರೆ ಚಿತ್ರ ಕೊಡುತ್ತಿರುವುದು ವರದಿಯನ್ನಲ್ಲ, ವೃಂದದ ಲಾಂಛನವನ್ನು. ಆದುದರಿಂದ ಆ ಆಕ್ಷೇಪ ನಿಲ್ಲದು.

ಬಡತನವೇ ಗುಣವೆಂದು ಇದರಿಂದ ಸಾರಬಾರದು. ಹೋಲಿಕೆಗೆ 2006ರ ‘ಹಿಯರ್ ಇಟ್ ಗೋಸ್ ಅಗೇನ್’ ಚಿತ್ರವನ್ನು ನೋಡಬಹುದು. ‘ಓಕೆ ಗೋ’ ವೃಂದದ ನಾಲ್ವರು ಎಂಟು ಟ್ರೆಡ್‌ಮಿಲ್‌ಗಳ ಮೇಲೆ, ತ್ರಿಶ್ ಸೀ ಅವರ ನೃತ್ಯಯೋಜನೆಯಂತೆ, ನಿಶ್ಚಲ ಕ್ಯಾಮೆರಾದ ಮುಂದೆ ಕತ್ತರಿಯಿಲ್ಲದ ಒಂದೇ ಓಟದಲ್ಲಿ ಕುಣಿಯುತ್ತಾರೆ. ಕತ್ತರಿಯಿಲ್ಲದಿರುವುದೇ ಅವರ ಸಾಹಸಕ್ಕೆ ಸಾಕ್ಷಿ. ಅಷ್ಟರಮಟ್ಟಿಗೆ ಅದು ಪ್ರಾಮಾಣಿಕ, ಆಹ್ಲಾದಕರ. ಆದರೆ ಅದೇ ಲಯದ ಬೇರೊಂದು ಹಾಡಿಗೆ ಆ ಕುಣಿತವನ್ನು ಹೊಂದಿಸಿದರೆ ಹೆಚ್ಚೇನೂ ನಷ್ಟವಾಗದು. ಕ್ವೀನ್ ಚಿತ್ರದ ನಡುಭಾಗವನ್ನು ಮತ್ತೊಂದು ಹಾಡಿಗೆ ಕಟ್ಟಲು ಬಾರದು. ಮೊದಲನೆಯದು ಚಮತ್ಕಾರ, ಎರಡನೆಯದು ಅಂಗಾಂಗಿಭಾವ.

ಹಾಡು ಬ್ರಿಟನ್ನಿನಲ್ಲಿ ಒಂಬತ್ತು ವಾರ ಅಗ್ರಸ್ಥಾನದಲ್ಲಿದ್ದಿತು. 1981ರಲ್ಲಿ ಅಮೆರಿಕದಲ್ಲಿ ಎಂ.ಟಿ.ವಿ. ಆರಂಭವಾದ ಮೇಲೆ ಗೀತಚಿತ್ರವು ಗಾಯಕನ ಬದಲಿಯಾಗಿ ಉಳಿಯದೆ ಅವನಿಗೆ ಕಡ್ಡಾಯವಾಯಿತು, ವೆಚ್ಚವೂ ಬೆಳೆಯಿತು. ಇಂದು ಕ್ಯಾಮೆರಾ ಪ್ರತಿಯೊಬ್ಬ ವಿದ್ಯಾರ್ಥಿಯ ಅಂಗೈಯಲ್ಲಿರುವಾಗ ಹಣದ ಕೊರತೆ ನೆಪವಾಗಲಾರದು, ಹೆಮ್ಮೆಯೂ ಆಗಲಾರದು. ಹಾಡು ತಾನೇ ಬೇಡುವ ಚಿತ್ರ ಯಾವುದೆಂದು ಕಿವಿಗೊಟ್ಟು ಕೇಳುವ ತಾಳ್ಮೆಯೇ ಬೇಕಾದ ಬಂಡವಾಳ.