ಕಂಸಾಳೆಯ ಬೀಸು, ನಗೆಯ ಬೆಲೆ

ಹಗುರ ಮನರಂಜನೆಯ ಬೆಲೆ ತಿಳಿಯಬೇಕೆಂದರೆ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಂಸಾಳೆ ಮೇಳವನ್ನು ನೋಡಬೇಕು. ಮಲೆ ಮಾದಪ್ಪನ ಕಥೆಯನ್ನು ಅವನ ಹೆಸರಲ್ಲಿ ದೀಕ್ಷೆ ಪಡೆದ ದೇವರಗುಡ್ಡರು ರಾತ್ರಿಯಿಡೀ ಹಾಡುತ್ತಾರೆ. ಹಗಲೆಲ್ಲ ಅರಿಶಿನದ ಹೊಲದಲ್ಲಿ ಬಗ್ಗಿ ದುಡಿದವರನ್ನು ಬೆಳಗಿನವರೆಗೆ ಕೂರಿಸುವುದು ಭಕ್ತಿಯೊಂದರಿಂದಲೇ ಆಗುವ ಕೆಲಸವಲ್ಲ. ಕಥೆಗಾರ ಉಸಿರು ತೆಗೆದುಕೊಳ್ಳುವಾಗ ಹಿಮ್ಮೇಳದವನು ಆಡುಮಾತಿನಲ್ಲಿ ಒಂದು ಪ್ರಶ್ನೆ ಎಸೆಯುತ್ತಾನೆ, ಜನ ನಗುತ್ತಾರೆ, ಕಣ್ಣಿಗೆ ಹತ್ತಿದ ನಿದ್ದೆ ಹಾರುತ್ತದೆ. ಬೀಸು ಕಂಸಾಳೆಯಲ್ಲಂತೂ ಎಡಗೈಯ ಬಟ್ಟಲಿನಂಥ ತಾಳಕ್ಕೆ ಬಲಗೈಯ ಗೊಂಡೆ ಕಟ್ಟಿದ ತಾಳ ತಲೆಯ ಮೇಲಿಂದ, ಬೆನ್ನ ಹಿಂದಿನಿಂದ, ಕಾಲ ಸಂದಿಯಿಂದ ಬೀಸಿ ಬಂದು ಬಡಿಯುತ್ತದೆ. ಲಯ ಮಾತ್ರ ತಪ್ಪುವುದಿಲ್ಲ.

ದೇವರ ಕಥೆಯಲ್ಲಿ ತಮಾಷೆ ಯಾಕೆ, ಕಸರತ್ತು ಯಾಕೆ ಎಂಬ ಆಕ್ಷೇಪವನ್ನು ಸುಮ್ಮನೆ ತಳ್ಳಿಹಾಕಲಾಗದು. ಬೀಸಾಟವೇ ಮುಂದಾಗಿ ಕಥೆ ಉದುರಿಹೋದ ವೇದಿಕೆಗಳೂ ಇವೆ. ಆದರೆ ಗುಡ್ಡರಿಗೆ ಇದು ದೀಕ್ಷೆಯೂ ಹೌದು, ಹೊಟ್ಟೆಪಾಡೂ ಹೌದು. ಕೇಳುವವರು ಎದ್ದುಹೋದರೆ ಭಿಕ್ಷೆಯೂ ಇಲ್ಲ, ಕಥೆಯೂ ಉಳಿಯದು. ಅಷ್ಟು ದೊಡ್ಡ ಕಾವ್ಯ ಬಾಯಿಂದ ಬಾಯಿಗೆ ದಾಟಿ ಬಂದದ್ದು ಜನ ಅದನ್ನು ಮತ್ತೆ ಮತ್ತೆ ಕೇಳಬಯಸಿದ್ದರಿಂದ. 1996ರ ‘ಜನುಮದ ಜೋಡಿ’ ಚಿತ್ರದ ಮೂಲಕ ಕಂಸಾಳೆ ನಾಡಿನ ಮೂಲೆಮೂಲೆಗೆ ಹೋದಾಗಲೂ ಮೊದಲು ಸೆಳೆದದ್ದು ಆ ಕುಣಿತವೇ. ಮಾದಪ್ಪ ಯಾರು ಎಂಬ ಕುತೂಹಲ ಆಮೇಲಿನದು.