ವಂಶಶೋಧನೆಯಲ್ಲಿ ದಾಖಲೆಯ ಪ್ರಾಮಾಣ್ಯ

ತಮ್ಮ ಮನೆತನದ ಮೂಲವನ್ನು ಅರಿಯಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಆ ಹಂಬಲದ ಫಲವಾಗಿ ಕುಟುಂಬ ಚರಿತ್ರೆಗಳು ಗ್ರಂಥರೂಪವನ್ನು ತಾಳುತ್ತಿರುವುದು ಸ್ವಾಗತಾರ್ಹವೇ ಸರಿ. ಆದರೆ ಇಂಥ ಗ್ರಂಥಗಳಲ್ಲಿ ಹಲವಕ್ಕೆ ಸಮಾನವಾದ ದೋಷವೊಂದುಂಟು: ಬರೆದಿಟ್ಟದ್ದೆಲ್ಲವೂ ಪ್ರಮಾಣವೆಂಬ ನಂಬಿಕೆ. ಓಲೆಗರಿಯ ಪ್ರತಿಯೊಂದು ದೊರೆತಾಗ ಅದನ್ನು ಬರೆದವನು ಯಾರು, ಯಾರಿಗಾಗಿ ಬರೆದನು, ಯಾವುದನ್ನು ಬಿಟ್ಟನು ಎಂದು ಗ್ರಂಥಸಂಪಾದಕನು ವಿಚಾರಿಸುತ್ತಾನೆ. ವಂಶಾವಳಿಯನ್ನು ರಚಿಸುವವನಿಗೂ ಈ ವಿವೇಕ ಅವಶ್ಯಕ.

ಮೂಡುಬಿದಿರೆಯ ಸಮೀಪದ ಮಿಜಾರನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಯಕ್ಷಗಾನದ ಪ್ರಸಿದ್ಧ ಹಾಸ್ಯಗಾರ ಮಿಜಾರು ಅಣ್ಣಪ್ಪನವರ ಹೆಸರನ್ನು ಕೇಳದ ಕಲಾಭಿಮಾನಿ ಕರಾವಳಿಯಲ್ಲಿ ವಿರಳ. ಇಲ್ಲಿ ಹೆಸರಿನ ಮುಂದಿರುವುದು ಊರೇ ಹೊರತು ವಂಶವಲ್ಲ. ಊರಿನ ಹೆಸರನ್ನು ಕುಲನಾಮವೆಂದು ಬಗೆದರೆ ಸಂಬಂಧವೇ ಇಲ್ಲದ ಮನೆಗಳು ಒಂದೇ ವೃಕ್ಷದ ಕೊಂಬೆಗಳಾಗಿ ಕಾಣಿಸಿಕೊಳ್ಳುತ್ತವೆ.

ಇಂಥ ಊರಿನ ಪೂರ್ವಿಕರನ್ನು ಅರಸುವವರು ಮೊದಲು ನೆನೆಯುವುದು ಜನಗಣತಿಯನ್ನು. ದಕ್ಷಿಣ ಕನ್ನಡವು ಸೇರಿದ್ದ ಮದ್ರಾಸ್ ಪ್ರಾಂತದಲ್ಲಿ 1871ರಲ್ಲಿ ವ್ಯವಸ್ಥಿತ ಗಣತಿ ನಡೆಯಿತು. ದೇಶದಾದ್ಯಂತ ಏಕಕಾಲದ ಗಣತಿ 1881ರಲ್ಲಿ ನಡೆಯಿತು. ಆದರೆ ಮುದ್ರಿತ ವರದಿಗಳಲ್ಲಿ ದೊರೆಯುವುದು ಸಂಖ್ಯೆಗಳು, ವ್ಯಕ್ತಿಗಳ ಹೆಸರುಗಳಲ್ಲ. 1948ರ ಜನಗಣತಿ ಶಾಸನವು ಗಣತಿಯ ಪುಸ್ತಕಗಳನ್ನು ಪರಿಶೀಲಿಸುವ ಹಕ್ಕನ್ನು ಜನರಿಗೆ ಕೊಡಲಿಲ್ಲ. ಇಂಗ್ಲೆಂಡಿನಲ್ಲಾದರೋ 1921ರ ಗಣತಿಯ ಮನೆವಾರು ಹಾಳೆಗಳು ನೂರು ವರ್ಷಗಳ ತರುವಾಯ 2022ರಲ್ಲಿ ಸಾರ್ವಜನಿಕರಿಗೆ ತೆರೆದವು. ಅಲ್ಲಿಯ ವಿಧಾನವನ್ನು ಇಲ್ಲಿಗೆ ಹಾಗೆಯೇ ಅನ್ವಯಿಸುವುದು ವ್ಯರ್ಥ ಶ್ರಮ. ಇನ್ನು ಗಣತಿಯ ವರ್ಗೀಕರಣವೂ ನಿರ್ವಿವಾದವಾದುದಲ್ಲ. ಮೈಸೂರು ಸಂಸ್ಥಾನದ ಗಣತಿಯಲ್ಲಿ ವೀರಶೈವರನ್ನು ಯಾವ ವರ್ಗದಲ್ಲಿ ಸೇರಿಸಬೇಕೆಂಬ ವಿಷಯದಲ್ಲಿ ಎದ್ದ ವಾದವನ್ನು ಬಲ್ಲವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯ ಆಕರ ಇಗರ್ಜಿಯ ಪುಸ್ತಕ. ಜ್ಞಾನಸ್ನಾನ ಮತ್ತು ವಿವಾಹಗಳನ್ನು ಪಾದ್ರಿಗಳು ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆಯು 1563ರಲ್ಲಿ ವಿಧಿಸಿತು. ತಂದೆ, ತಾಯಿ, ಜ್ಞಾನಪಿತೃಗಳ ಹೆಸರುಗಳನ್ನು ಒಟ್ಟಿಗೆ ಕೊಡುವ ಈ ಪುಸ್ತಕಗಳು ನಿಜಕ್ಕೂ ಅಮೂಲ್ಯವಾದವು. ಆದರೆ ಕೆನರಾ ಸೀಮೆಯಲ್ಲಿ ಈ ಪರಂಪರೆ ಅವಿಚ್ಛಿನ್ನವಾಗಿ ಉಳಿಯಲಿಲ್ಲ. 1784ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದನು, ಇಗರ್ಜಿಗಳು ನಾಶವಾದವು, ಬದುಕುಳಿದವರು ಹಿಂದಿರುಗಿದ್ದು 1799ರ ಅನಂತರ. ಮೂಡುಬಿದಿರೆಯ ಬಳಿಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಚೌಟ ಅರಸರ ಮೈತ್ರಿಯಿಂದ ಉಳಿಯಿತೆಂಬ ಹೇಳಿಕೆ ಪ್ರಸಿದ್ಧವಾಗಿದೆ. ಆದರೆ ಗೋಡೆ ಉಳಿದ ಮಾತ್ರಕ್ಕೆ ಪುಸ್ತಕವೂ ಉಳಿಯಿತೆಂದು, ಹಿಂದಿರುಗಿದವರೆಲ್ಲ ಹಳೆಯ ಮನೆಗೇ ಬಂದರೆಂದು ಊಹಿಸಲಾಗದು. ಸೋಜ, ಪಿಂಟೊ, ಲೋಬೊ ಮೊದಲಾದ ಉಪನಾಮಗಳೂ ರಕ್ತಸಂಬಂಧಕ್ಕೆ ಸಾಕ್ಷಿಯಲ್ಲ. ಬೇರೆ ಬೇರೆ ಮನೆಗಳವರು ಮತಾಂತರದ ಕಾಲದಲ್ಲಿ ಒಂದೇ ಉಪನಾಮವನ್ನು ಪಡೆದದ್ದುಂಟು. ಪುಸ್ತಕದ ಸೆಬಾಸ್ತಿಯನ್ ಮನೆಯಲ್ಲಿ ಬಸ್ತ್ಯಾಂವ್ ಆಗಿರುತ್ತಾನೆ. ಇದು ಪಾಠಾಂತರದ ಸಮಸ್ಯೆಯೇ ಅಲ್ಲದೆ ಬೇರೆಯಲ್ಲ.

ಇಗರ್ಜಿಗೆ ಸೇರದ ಮನೆತನಗಳಲ್ಲಿ ತೊಡಕಿನ ಸ್ವರೂಪವೇ ಬೇರೆ. ಬಂಟರು ಮೊದಲಾದ ಅಳಿಯಸಂತಾನದ ಕುಟುಂಬಗಳಲ್ಲಿ ಬಳಿಯು ತಾಯಿಯಿಂದ ಬರುತ್ತದೆ. ಭೂದಾಖಲೆಯಲ್ಲಿ ಒಬ್ಬ ಯಜಮಾನನ ಹೆಸರಿನ ತರುವಾಯ ಇನ್ನೊಬ್ಬನ ಹೆಸರು ಬಂದರೆ, ಅವರನ್ನು ತಂದೆ ಮಕ್ಕಳೆಂದು ಹೊರಗಿನವನು ತಿಳಿದಾನು; ವಾಸ್ತವವಾಗಿ ಅವರು ಸೋದರಮಾವ ಮತ್ತು ಅಳಿಯ ಆಗಿರಬಹುದು. 1949ರ ಅಳಿಯಸಂತಾನ ಶಾಸನವು ಕುಟುಂಬದ ಆಸ್ತಿಯ ವಿಭಾಗಕ್ಕೆ ಅವಕಾಶ ಕಲ್ಪಿಸಿತು. ಪಾಲುಪಟ್ಟಿಗಾಗಿ ಕವರುಗಳನ್ನು ವಿಂಗಡಿಸಿ ಬರೆದ ವಂಶವೃಕ್ಷಗಳಲ್ಲಿ ಸ್ತ್ರೀಯರ ಹೆಸರುಗಳು ಎದ್ದು ಕಾಣುತ್ತವೆ. ಈ ಆಕರಕ್ಕೆ ಕುಟುಂಬ ಚರಿತ್ರಕಾರರಿಂದ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಅವೂ ಪಾಲಿನ ಉದ್ದೇಶಕ್ಕೆ ಬರೆದವೆಂಬ ಎಚ್ಚರ ಇದ್ದರೆ ಸಾಕು.

ಅಲನ್ ಮಚಾದೊ ಪ್ರಭು ಅವರ ‘ಸರಸ್ವತೀಸ್ ಚಿಲ್ಡ್ರನ್’ (1999) ಮಂಗಳೂರಿನ ಕ್ರೈಸ್ತ ಸಮುದಾಯದ ಚರಿತ್ರೆ. ಗೋವೆಯ ಸಾರಸ್ವತ ಮೂಲದ ಸ್ಮರಣೆ ಅದರ ಶೀರ್ಷಿಕೆಯಲ್ಲಿಯೇ ಧ್ವನಿಸುತ್ತದೆ. ಸಮುದಾಯದ ಚರಿತ್ರೆಗೆ ಇಂಥ ಸ್ಮರಣೆ ಉಪಾದೇಯವೇ. ಆದರೆ ಅದನ್ನು ಓದಿದ ಒಂದು ಮನೆಯವರು ಅದನ್ನೇ ತಮ್ಮ ಮನೆಯ ಪ್ರಮಾಣವನ್ನಾಗಿ ಮಾಡಿಕೊಂಡರೆ ತರ್ಕ ಮುರಿಯುತ್ತದೆ. ಸಮುದಾಯಕ್ಕೆ ಸಂಭವನೀಯವಾದುದು ಕುಟುಂಬಕ್ಕೆ ಸಿದ್ಧವಾದುದಲ್ಲ.

ಇದು ಕೇವಲ ಪಂಡಿತರ ಚರ್ಚೆಯಲ್ಲ. ತೆರವಾದ ಸ್ಥಾನದಲ್ಲಿ ಅರಸನನ್ನೋ ಉಚ್ಚಕುಲದವನನ್ನೋ ತಂದು ಕೂರಿಸುವ ಆಸೆ ಪ್ರಬಲವಾದುದು. ಹಾಗೆ ಮಾಡಿದಾಗ ಅಪಚಾರವಾಗುವುದು ನಿಜವಾಗಿ ಬದುಕಿ, ಗದ್ದೆಯಲ್ಲಿ ದುಡಿದು, ಯಾವ ಪುಸ್ತಕದಲ್ಲಿಯೂ ಹೆಸರಿಲ್ಲದೆ ಅಳಿದ ಪೂರ್ವಿಕನಿಗೆ. ಒಕ್ಕಲುಗಳ, ಕೂಲಿಯಾಳುಗಳ ಹೆಸರನ್ನು ಬರೆದಿಡುವ ಗರಜು ಯಾರಿಗೂ ಇರಲಿಲ್ಲ. ಹುಟ್ಟಿನಿಂದ ಹಿರಿಮೆಯನ್ನು ಅಳೆಯದ ಶರಣರ ದೃಷ್ಟಿಯನ್ನು ಒಪ್ಪಿದವರಿಗಂತೂ ಈ ಅಜ್ಞಾತ ಪೂರ್ವಿಕನು ಲಜ್ಜೆಯ ವಿಷಯವಾಗಬೇಕಾಗಿಲ್ಲ. ಆಧಾರ ಮುಗಿದಲ್ಲಿ ಲೇಖನಿಯನ್ನು ನಿಲ್ಲಿಸಿ, ಮೇಲಿನ ಸ್ಥಾನವನ್ನು ಬರಿದಾಗಿಯೇ ಬಿಟ್ಟ ವಂಶಾವಳಿಯೇ ಹಿರಿಯರಿಗೆ ಸಲ್ಲುವ ನಿಜವಾದ ಗೌರವ.