ಉಪ್ಪು ತಿಂದ ಕಾರು

ರ್ಯುಸುಕೆ ಹಮಗುಚಿಯ ‘ಡ್ರೈವ್ ಮೈ ಕಾರ್’ (2021) ಸಿನಿಮಾ ಬಗ್ಗೆ ಬಂದಿರೋ ಬರಹಗಳಲ್ಲಿ ಚೆಕಾಫ್ ಇರ್ತಾನೆ, ಮುರಕಾಮಿ ಇರ್ತಾರೆ, ದುಃಖ ಇರುತ್ತೆ, ಮೌನ ಇರುತ್ತೆ. ಹೆಸರಿನಲ್ಲೇ ಇರೋ ಕಾರು ಮಾತ್ರ ‘ಕೆಂಪು ಸಾಬ್’ ಅನ್ನೋ ಎರಡು ಪದಗಳಲ್ಲಿ ಮುಗಿದುಹೋಗುತ್ತೆ. ಮೂರು ಗಂಟೆಯ ಸಿನಿಮಾದಲ್ಲಿ ಅಷ್ಟೊಂದು ಹೊತ್ತು ತೆರೆ ಮೇಲಿರೋದು ಆ ಕಾರು. ಅದನ್ನು ರೂಪಕ ಅಂತ ಕರೆದು ಪಕ್ಕಕ್ಕೆ ನಿಲ್ಲಿಸೋದು ಸುಲಭ. ನಾನಿಲ್ಲಿ ಅದನ್ನು ಕಾರಾಗಿಯೇ ನೋಡ್ತೀನಿ. ಹಾಗೆ ನೋಡಿದರೆ ಈ ಸಿನಿಮಾ ಎಲ್ಲಿ ನಿಜ ಹೇಳುತ್ತೆ, ಎಲ್ಲಿ ಜಾಣತನದಿಂದ ಜಾರಿಕೊಳ್ಳುತ್ತೆ ಅನ್ನೋದು ಎರಡೂ ಗೊತ್ತಾಗುತ್ತೆ.

ನೋಡದವರಿಗಾಗಿ ಕಥೆ ಇಷ್ಟು. ಕಫುಕು ರಂಗಭೂಮಿಯ ನಟ, ನಿರ್ದೇಶಕ. ಹದಿನೈದು ವರ್ಷದಿಂದ ಒಂದೇ ಸಾಬ್ 900 ಓಡಿಸ್ತಿದ್ದಾನೆ. ಹೆಂಡತಿ ಒತೊಗೆ ಬೇರೆ ಸಂಬಂಧ ಇರೋದನ್ನು ಕಣ್ಣಾರೆ ಕಂಡರೂ ಸದ್ದಿಲ್ಲದೆ ಬಾಗಿಲೆಳೆದುಕೊಂಡು ಹೋದವನು. ‘ಇವತ್ತು ರಾತ್ರಿ ಮಾತಾಡಬೇಕು’ ಅಂತ ಅವಳು ಹೇಳಿದ ದಿನ ಮನೆಗೆ ಹೋಗೋಕೆ ಧೈರ್ಯ ಸಾಲದೆ ಕಾರಿನಲ್ಲೇ ಸುತ್ತಾಡ್ತಾನೆ. ಮನೆ ತಲುಪೋ ಹೊತ್ತಿಗೆ ಅವಳು ಸತ್ತುಬಿದ್ದಿರ್ತಾಳೆ. ಎರಡು ವರ್ಷದ ನಂತರ ಹಿರೊಶಿಮಾದಲ್ಲಿ ನಾಟಕ ಮಾಡಿಸೋಕೆ ಹೋದಾಗ ನಾಟಕೋತ್ಸವದವರು ‘ನೀವು ಓಡಿಸೋ ಹಾಗಿಲ್ಲ, ಡ್ರೈವರ್ ಇರಲೇಬೇಕು’ ಅಂತ ಹಟ ಹಿಡಿದು ಮಿಸಾಕಿ ಅನ್ನೋ 23 ವರ್ಷದ ಹುಡುಗೀನ ಕೊಡ್ತಾರೆ. ಹೊಕ್ಕೈಡೊದ ಹಳ್ಳಿಯವಳು. ಭೂಕುಸಿತದಲ್ಲಿ ಮನೆ ಹೋಗಿದೆ, ತಾಯಿ ಹೋಗಿದ್ದಾಳೆ. ತಾಯಿ ಒಳಗೆ ಸಿಕ್ಕಿಹಾಕಿಕೊಂಡಿದ್ದಾಳೆ ಅಂತ ಗೊತ್ತಿದ್ದರೂ ಇವಳು ಯಾರನ್ನೂ ಕರೆಯಲಿಲ್ಲ. ಕೊನೆಗೆ ಇಬ್ಬರೂ ಅದೇ ಕಾರಿನಲ್ಲಿ ಹಿರೊಶಿಮಾದಿಂದ ಹೊಕ್ಕೈಡೊವರೆಗೆ ಹೋಗಿ, ಹಿಮದಲ್ಲಿ ಹೂತ ಆ ಮನೆಯ ಅವಶೇಷದ ಮುಂದೆ ನಿಲ್ತಾರೆ.

ಹರುಕಿ ಮುರಕಾಮಿಯ ಸಣ್ಣಕಥೆಯಿಂದ ಹುಟ್ಟಿದ ಸಿನಿಮಾ ಇದು. ಕಥೆಯಲ್ಲಿ ಕಾರು ಹಳದಿ, ಮಡಚೋ ಚಾವಣಿಯದು. ಸಿನಿಮಾದಲ್ಲಿ ಕೆಂಪು, ಗಟ್ಟಿ ಚಾವಣಿಯದು. ಈ ಬಣ್ಣದ ವಿಚಾರ ಎಲ್ಲರೂ ಬರೆದಿದ್ದಾರೆ. ನನಗೆ ಮುಖ್ಯ ಅನ್ನಿಸಿದ್ದು ಬೇರೆ ಎರಡು ಬದಲಾವಣೆ. ಒಂದು, ಕಥೆಯಲ್ಲಿ ಹಿಮದ ಪ್ರಯಾಣ ಇಲ್ಲವೇ ಇಲ್ಲ. ಅದನ್ನು ತಂದಿದ್ದು ಹಮಗುಚಿ. ಇನ್ನೊಂದು, ಕಥೆಯಲ್ಲಿ ಮಿಸಾಕಿಯನ್ನು ಕಫುಕುಗೆ ಪರಿಚಯ ಮಾಡಿಸೋದು ಅವನು ಕಾರು ರಿಪೇರಿಗೆ ಬಿಡೋ ಗ್ಯಾರೇಜಿನ ಮಾಲೀಕ. ‘ಒಳ್ಳೆ ಡ್ರೈವರ್ ಗೊತ್ತು’ ಅಂತ ಹೇಳೋನು ಮೆಕ್ಯಾನಿಕ್. ಸಿನಿಮಾದಲ್ಲಿ ಅವನ ಜಾಗಕ್ಕೆ ನಾಟಕೋತ್ಸವದ ಆಫೀಸು ಬಂದಿದೆ.

ಅಂದರೆ ಹಮಗುಚಿ ಹಿಮ ತಂದ, ಮೆಕ್ಯಾನಿಕ್‌ನನ್ನು ಕಳಿಸಿದ. ಹಳೇ ಕಾರನ್ನು ಚಳಿಗಾಲದಲ್ಲಿ ದಿನಾ ಓಡಿಸೋರನ್ನು ಕೇಳಿ ನೋಡಿ. ಇವೆರಡರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳೋಕೆ ಆಗೋದೇ ಇಲ್ಲ ಅಂತಾರೆ.

ಮೊದಲು ಸಿನಿಮಾ ಗೆದ್ದ ಕಡೆ ನೋಡೋಣ. ಮಿಸಾಕಿ ಗಾಡಿ ಓಡಿಸೋ ರೀತಿಯನ್ನು ಕಫುಕು ಹೊಗಳೋ ಮಾತು ನೆನಪಿದೆಯಾ? ಕಾರಿನಲ್ಲಿ ಕೂತಿದ್ದೀನಿ ಅನ್ನೋದೇ ಮರೆತುಹೋಗುತ್ತೆ ಅನ್ನೋ ಅರ್ಥದ ಮಾತು. ಆ ನಯ ಅವಳಿಗೆ ಬಂದಿದ್ದು ಹೇಗೆ? ಹೈಸ್ಕೂಲು ಮೆಟ್ಟಿಲು ಹತ್ತೋ ಮುಂಚೆಯೇ, ರಾತ್ರಿ ಕೆಲಸ ಮಾಡೋ ತಾಯಿಯನ್ನು ಸ್ಟೇಷನ್ನಿಗೆ ಬಿಟ್ಟು ಕರೆದುಕೊಂಡು ಬರೋದು ಅವಳ ಪಾಲಿಗೆ ಬಿದ್ದಿತ್ತು. ದಾರೀಲಿ ತಾಯಿ ನಿದ್ದೆ ಮಾಡೋಳು. ಗಾಡಿ ಕುಲುಕಿ ಎಚ್ಚರ ಆದರೆ ಹೊಡೆತ.

ಈಗ ಇದಕ್ಕೆ ಹೊಕ್ಕೈಡೊದ ರಸ್ತೆ ಸೇರಿಸಿ ಯೋಚಿಸಿ. ಒಣ ಟಾರಿನ ಮೇಲೆ ಟೈರಿಗೆ ಸಿಗೋ ಹಿಡಿತದಲ್ಲಿ ಏಳೆಂಟನೇ ಒಂದು ಪಾಲು ಮಾತ್ರ ಹಿಮಗಡ್ಡೆ ಮೇಲೆ ಸಿಗುತ್ತೆ. ಜಪಾನಿನಲ್ಲಿ ಮೊಳೆ ಟೈರುಗಳು ರಸ್ತೆ ಕೆರೆದು ಎಬ್ಬಿಸೋ ಧೂಳು ತಡೆಯೋಕೆ 1990ರಲ್ಲಿ ಕಾನೂನು ಬಂತು. ಆ ಟೈರುಗಳು ಹೋದಮೇಲೆ ಸಪ್ಪೊರೊ ಕಡೆಯ ರಸ್ತೆಗಳು ಗಾಜಿನ ಹಾಗೆ ನುಣುಪಾದವು. ಮಿಸಾಕಿಯ ವಯಸ್ಸಿನವರು ಕಲಿತಿದ್ದು ಅಂಥ ರಸ್ತೆಗಳಲ್ಲಿ. ಅಲ್ಲಿ ಬ್ರೇಕು ಒದೆಯೋ ಹಾಗಿಲ್ಲ, ಸ್ಟೇರಿಂಗು ಎಳೆಯೋ ಹಾಗಿಲ್ಲ, ಆಕ್ಸಿಲರೇಟರ್ ತುಳಿಯೋ ಹಾಗಿಲ್ಲ. ಎಲ್ಲವನ್ನೂ ಮುಂಚೆಯೇ, ಮೆಲ್ಲಗೆ ಶುರು ಮಾಡಬೇಕು. ಅದರಲ್ಲೂ ಹಳೇ ಟರ್ಬೊ ಎಂಜಿನ್ನುಗಳಲ್ಲಿ ಶಕ್ತಿ ಸ್ವಲ್ಪ ತಡವಾಗಿ, ಒಮ್ಮೆಗೇ ನುಗ್ಗುತ್ತೆ. ಕಾಲಿನಲ್ಲಿ ತಾಳ್ಮೆ ಇಲ್ಲದಿದ್ದರೆ ಮುಂದಿನ ಚಕ್ರ ಗಿರಗಿರ ತಿರುಗಿ ಗಾಡಿ ಇದ್ದಲ್ಲೇ ಇರುತ್ತೆ. ತಾಯಿಯ ಹೊಡೆತ ಮತ್ತು ಹಿಮದ ರಸ್ತೆ, ಎರಡೂ ಕಲಿಸೋ ಪಾಠ ಒಂದೇ: ಹಠಾತ್ತನೆ ಏನೂ ಮಾಡಬೇಡ. ಸಿನಿಮಾ ಇದನ್ನು ಎಲ್ಲೂ ಬಿಡಿಸಿ ಹೇಳೋದಿಲ್ಲ. ನಾವು ಸೌಮ್ಯ ಅಂತ ಮೆಚ್ಚಿಕೊಳ್ಳೋ ಗುಣದ ಕೆಳಗೆ ಭಯ ಇದೆ ಅನ್ನೋದನ್ನು ಸುಮ್ಮನೆ ಡ್ರೈವಿಂಗ್ ಮೂಲಕ ತೋರಿಸುತ್ತೆ. ಇದು ದೊಡ್ಡ ಕೆಲಸ.

ಕಾರಿನ ಆಯ್ಕೆಯೂ ಸರಿಯಾಗಿದೆ. ಸಾಬ್ ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಊರಿನ ಗಾಡಿ. ಹಿಮದಲ್ಲಿ ಓಡೋಕೆ ಅಂತಲೇ ಯೋಚಿಸಿ ಮಾಡಿದ್ದು. ಎಂಜಿನ್ನಿನ ಭಾರ ಮುಂದಿನ ಚಕ್ರದ ಮೇಲೆ, ಗಾಡಿ ಎಳೆಯೋದೂ ಅದೇ ಚಕ್ರ, ಹಾಗಾಗಿ ಹಿಮದಲ್ಲಿ ಹಿಡಿತ ಸಿಗುತ್ತೆ. ಹೆಡ್‌ಲೈಟಿಗೂ ವೈಪರು, ಬಿಸಿಯಾಗೋ ಸೀಟು ಇವನ್ನೆಲ್ಲ 1970ರ ಆಸುಪಾಸಿನಲ್ಲೇ ಕೊಟ್ಟ ಕಂಪನಿ. ಎರಿಕ್ ಕಾರ್ಲ್‌ಸನ್ 1962 ಮತ್ತು 1963ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದಿದ್ದು ಸಾಬ್‌ನಲ್ಲೇ. ಸಿನಿಮಾದಲ್ಲಿರೋ ಹಳೇ 900 ಮಾದರಿ 1978ರಲ್ಲಿ ಶುರುವಾಗಿ 1993ರ ಹೊತ್ತಿಗೆ ಮುಗೀತು. 2011ರ ಡಿಸೆಂಬರಿನಲ್ಲಿ ಕಂಪನಿಯೇ ದಿವಾಳಿ ಆಯ್ತು. ಮಾಡಿದವರೇ ಇಲ್ಲದ ಕಾರು ಅದು. ಹೆಂಡತಿ ಇಲ್ಲದ ಗಂಡ, ತಾಯಿ ಇಲ್ಲದ ಮಗಳು, ತಯಾರಕರಿಲ್ಲದ ಕಾರು. ಈ ಮೂರೂ ಒಟ್ಟಿಗೆ ಹಿಮದ ಕಡೆ ಹೊರಟಾಗ ನಾನು ಸೀಟಿನ ತುದಿಗೆ ಬಂದು ಕೂತಿದ್ದೆ.

ಆಮೇಲೆ ನಡೆದದ್ದೇ ನನ್ನ ತಕರಾರು. ಕಾರಿಗೆ ಏನೂ ಆಗೋದಿಲ್ಲ.

ಚಳಿಗಾಲದಲ್ಲಿ ಹಳೇ ಕಾರಿನ ಶತ್ರು ಹಿಮ ಅಲ್ಲ, ಉಪ್ಪು. ರಸ್ತೆ ಮೇಲೆ ನೀರು ಹೆಪ್ಪುಗಟ್ಟದಿರಲಿ ಅಂತ ಉಪ್ಪು ಹಾಕ್ತಾರೆ. ಹಿಮ ಕರಗಿ ಉಪ್ಪುನೀರಾಗಿ ಚಕ್ರದಿಂದ ಸಿಡಿದು, ಕಣ್ಣಿಗೆ ಕಾಣದ ಸಂದಿಗಳಲ್ಲಿ ಕೂರುತ್ತೆ. ಉಪ್ಪುನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯೋದರಿಂದ ಕಬ್ಬಿಣಕ್ಕೆ ತುಕ್ಕು ಬೇಗ ಹಿಡಿಯುತ್ತೆ. ವಿಚಿತ್ರ ಅಂದರೆ ವಿಪರೀತ ಚಳಿಯ ಊರು ಕಾರಿಗೆ ಅಷ್ಟು ಕೆಟ್ಟದ್ದಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಹೋದರೆ ಮಾಮೂಲಿ ಉಪ್ಪು ಹೆಚ್ಚು ಕೆಲಸಕ್ಕೆ ಬರೋದಿಲ್ಲ. ಉತ್ತರ ಸ್ವೀಡನ್ನಿನಲ್ಲಿ ಎಷ್ಟೋ ರಸ್ತೆಗೆ ಹಾಕೋದು ಮರಳು. ಕಾರು ತಿಂದುಹಾಕೋದು ಸೊನ್ನೆಯ ಆಚೀಚೆ ಓಲಾಡೋ ಊರುಗಳು. ಇನ್ನೊಂದು ವಿಚಿತ್ರ: ಉಪ್ಪು ಮೆತ್ತಿದ ಕಾರನ್ನು ಪ್ರೀತಿಯಿಂದ ಬೆಚ್ಚಗಿನ ಗ್ಯಾರೇಜಿನಲ್ಲಿ ನಿಲ್ಲಿಸಿದರೆ ತುಕ್ಕು ಇನ್ನೂ ಜೋರಾಗುತ್ತೆ. ಶಾಖ ಸಿಕ್ಕರೆ ರಾಸಾಯನಿಕ ಕ್ರಿಯೆ ಚುರುಕಾಗುತ್ತೆ ಅಷ್ಟೇ.

ಕೆಲಸದ ಮೇಲೆ ನಾನು ಎರಡು ಚಳಿಗಾಲ ಗೋಥೆನ್‌ಬರ್ಗ್‌ನಲ್ಲಿದ್ದೆ. ಸೊನ್ನೆಯ ಆಚೀಚೆ ಓಲಾಡೋ ಊರೇ ಅದು. ನಮ್ಮ ಟೀಮಿನ ಒಬ್ಬ ಹಿರಿಯರು ಹಳೇ ಸಾಬ್ 900ರಲ್ಲೇ ದಿನಾ ಆಫೀಸಿಗೆ ಬರ್ತಿದ್ದರು, ಜನವರಿಯಲ್ಲೂ. ಅವರ ವರ್ಷ ಶುರುವಾಗೋದು ಸೆಪ್ಟೆಂಬರಿನಲ್ಲಿ. ಕಾರಿನ ಟೊಳ್ಳು ಭಾಗಗಳ ಒಳಗೆ ಮೇಣದಂಥ ಎಣ್ಣೆ ಹೊಡೆಸೋದು. ಚಕ್ರದ ಮೇಲಿನ ಕಮಾನು, ಬಾಗಿಲಿನ ತಳ, ಎಂಜಿನ್ನಿನಿಂದ ಚಕ್ರಕ್ಕೆ ಹೋಗೋ ಶಾಫ್ಟಿನ ಸುತ್ತಲಿನ ತಗಡು, ಇವೇ 900ಕ್ಕೆ ತುಕ್ಕು ಹಿಡಿಯೋ ಜಾಗಗಳು. ಅಲ್ಲೆಲ್ಲ ಬೆರಳಾಡಿಸಿ ನೋಡೋದು. ಬ್ಯಾಟರಿ ಪರೀಕ್ಷೆ. ಬಾಗಿಲಿನ ರಬ್ಬರು ಹೆಪ್ಪುಗಟ್ಟಿ ಅಂಟಿಕೊಳ್ಳದ ಹಾಗೆ ಸಿಲಿಕೋನ್ ಸವರೋದು. ಡಿಸೆಂಬರ್ 1ರಿಂದ ಮಾರ್ಚ್ 31ರವರೆಗೆ ರಸ್ತೆಯಲ್ಲಿ ಹಿಮ ಇದ್ದರೆ ಅಲ್ಲಿ ಚಳಿಗಾಲದ ಟೈರು ಕಡ್ಡಾಯ. ಮುಂಜಾನೆ ಎಂಜಿನ್ ಬಿಸಿ ಮಾಡೋಕೆ ಪ್ಲಗ್ಗು. ಇಷ್ಟೆಲ್ಲ ಆದಮೇಲೂ ಚಳಿ ಸ್ವಲ್ಪ ಬಿಟ್ಟ ದಿನ ಕಾರಿನ ಅಡಿಭಾಗಕ್ಕೆ ನೀರು ಹೊಡೆದು ತೊಳೆಯೋದು. ನಾನು ನಮ್ಮ ಗಾದೆ ಹೇಳಿದೆ: ಉಪ್ಪು ತಿಂದವರು ನೀರು ಕುಡಿಯಲೇಬೇಕು. ಅರ್ಥ ವಿವರಿಸೋ ಮೊದಲೇ ಅವರು ನಕ್ಕರು. ಕಾರಿನ ವಿಷಯದಲ್ಲಿ ಅದು ಗಾದೆಯಲ್ಲ, ಸರ್ವಿಸ್ ಮ್ಯಾನ್ಯುಯಲ್.

ಹಾಗೆ ಓಡಿಸೋರು ಅಲ್ಲೂ ಕಡಿಮೆಯೇ. ಹಳೇ ಕಾರಿರೋ ಬಹಳ ಜನ ಚಳಿಗಾಲಕ್ಕೆ ಮುಸುಕು ಹಾಕಿ ನಿಲ್ಲಿಸ್ತಾರೆ. ಹಳೇ ಕಾರಿನ ವಿಮೆ ಅಗ್ಗ, ಆದರೆ ಅದು ಸಿಗಬೇಕಾದರೆ ಸಾಮಾನ್ಯವಾಗಿ ದಿನಬಳಕೆಗೆ ಬೇರೊಂದು ಕಾರು ಇರಬೇಕು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಆಂಟಿಕ್ ನಂಬರ್ ಪ್ಲೇಟು ತಗೊಂಡರೆ ದಿನಾ ಕೆಲಸಕ್ಕೆ ಓಡಿಸೋ ಹಾಗಿಲ್ಲ. ಅಂದರೆ ಕಾಗದದ ಪ್ರಕಾರ ‘ಕ್ಲಾಸಿಕ್’ ಅನ್ನೋ ಪದದ ಅರ್ಥ, ಕೆಲಸಕ್ಕೆ ಬಾರದ್ದು ಅಂತ! ನಮ್ಮೂರ ಕಡೆ ಇದನ್ನು ಹೇಳಿದರೆ ಯಾರಿಗೂ ತಲೆಬುಡ ಅರ್ಥ ಆಗೋದಿಲ್ಲ. ಗಾಡಿ ಅಂದಮೇಲೆ ಗೊಬ್ಬರಾನೂ ಹೊರಬೇಕು, ಮದುವೆಗೂ ಹೋಗಬೇಕು.

ನಿಲ್ಲಿಸಿಡೋರನ್ನು ನಾನು ಸುಮ್ಮನೆ ಹಾಸ್ಯ ಮಾಡೋಕಾಗಲ್ಲ. ಅವರ ವಾದವೂ ಗಟ್ಟಿಯಾಗಿದೆ. ಬಿಡಿಭಾಗ ದಿನೇ ದಿನೇ ಕಮ್ಮಿ ಆಗ್ತಿವೆ, ತುಕ್ಕು ತಿಂದ ತಗಡು ವಾಪಸ್ ಬರೋದಿಲ್ಲ, ಇರೋ ನಾಲ್ಕು ಕಾರನ್ನಾದರೂ ಉಳಿಸಬೇಕಲ್ಲ? ನಿಜ. ಆದರೆ ನಿಂತ ಕಾರೂ ಕೆಡುತ್ತೆ. ಸೀಲುಗಳು ಒಣಗ್ತವೆ, ಬ್ರೇಕು ಹಿಡಿದುಕೊಳ್ಳುತ್ತೆ, ಪೆಟ್ರೋಲು ಹಳಸುತ್ತೆ. ಸವೆಯೋದಂತೂ ತಪ್ಪಿದ್ದಲ್ಲ. ಓಡಿ ಸವೆಯೋದಾ, ನಿಂತು ಸವೆಯೋದಾ ಅನ್ನೋದಷ್ಟೇ ಪ್ರಶ್ನೆ.

ಸಿನಿಮಾದ ಪ್ರಶ್ನೆಯೂ ಇದೇ ಅಲ್ವಾ? ಕಫುಕು ಕಾರು ಓಡಿಸ್ತಿದ್ದಾನೆ ನಿಜ, ಆದರೆ ಅದರೊಳಗೆ ಕಾಲವನ್ನು ನಿಲ್ಲಿಸಿಟ್ಟಿದ್ದಾನೆ. ಸತ್ತ ಹೆಂಡತಿಯ ದನಿ ಕ್ಯಾಸೆಟ್ಟಿನಲ್ಲಿ ನಾಟಕದ ಮಾತು ಹೇಳುತ್ತೆ, ಇವನು ತನ್ನ ಪಾಲಿನ ಮಾತು ಸೇರಿಸ್ತಾನೆ. ಒಳಗೆ ಸಿಗರೇಟು ಸೇದುವಂತಿಲ್ಲ, ಬೇರೆಯವರು ಸ್ಟೇರಿಂಗು ಮುಟ್ಟುವಂತಿಲ್ಲ. ಅದು ಚಕ್ರ ಇರೋ ಮ್ಯೂಸಿಯಂ. ಒಬ್ಬೊಬ್ಬರಾಗಿ ನಿಯಮ ಮುರಿದು, ಚಾವಣಿಯ ಕಿಂಡಿಯಿಂದ ಇಬ್ಬರೂ ಸಿಗರೇಟು ಹಿಡಿದ ಕೈ ಹೊರಚಾಚೋ ದೃಶ್ಯ ಎಲ್ಲರಿಗೂ ಇಷ್ಟವಾಗೋದು ಅದಕ್ಕೇ. ಮ್ಯೂಸಿಯಂ ಮತ್ತೆ ಕಾರಾಗ್ತಿದೆ. ಹಿಮದ ಮುಂದೆ ಇಬ್ಬರೂ ಆಡೋ ಮಾತುಗಳ ಸಾರಾಂಶವೂ ನಮ್ಮ ಗಾದೆಯೇ. ನೋಯಬೇಕಾದಾಗ ನೋಯದೆ ತಪ್ಪಿಸಿಕೊಂಡವನು, ಕರೆಯಬೇಕಾದಾಗ ಕರೆಯದೆ ನಿಂತವಳು. ಉಪ್ಪು ತಿಂದಾಗಿದೆ, ಈಗ ನೀರು ಕುಡೀತಿದ್ದಾರೆ.

ಮನುಷ್ಯರ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರೋ ಸಿನಿಮಾ ಕಾರಿಗೆ ಮಾತ್ರ ಯಾಕೆ ವಿನಾಯಿತಿ ಕೊಡುತ್ತೆ? ಇಷ್ಟು ವಯಸ್ಸಾದ ಗಾಡಿ ಜಪಾನಿನ ಈ ತುದಿಯಿಂದ ಆ ತುದಿಗೆ, ಹಿಮಕ್ಕೆ, ಒಂದು ಕೆಮ್ಮೂ ಇಲ್ಲದೆ ಹೋಗುತ್ತೆ. ಗಾಡಿ ಕೆಡುತ್ತೆ ಅನ್ನೋದು ಸಿನಿಮಾಕ್ಕೆ ಗೊತ್ತಿಲ್ಲ ಅಂತಲ್ಲ. ಮಿಸಾಕಿ ಊರು ಬಿಟ್ಟು ಬಂದ ಗಾಡಿ ಹಿರೊಶಿಮಾದಲ್ಲಿ ಕೆಟ್ಟುನಿಂತಿದ್ದಕ್ಕೇ ಅವಳು ಅಲ್ಲಿ ಉಳಿದಳು. ಆದರೆ ಅದು ಮಾತಿನಲ್ಲಿ ಬಂದುಹೋಗೋ ಗಾಡಿ, ಬಡವರ ಗಾಡಿ. ಕ್ಯಾಮೆರಾ ಪ್ರೀತಿಸೋ ಕೆಂಪು ಗಾಡಿಗೆ ಆ ಗತಿ ಇಲ್ಲ. ಮಾಲೀಕರು ಇದನ್ನು ಜೋಪಾನವಾಗಿ ಇಟ್ಟಿದ್ದಾರೆ ಅಂತ ಮಿಸಾಕಿ ಮೆಚ್ಚಿಕೊಳ್ತಾಳೆ. ಸರಿ, ಆದರೆ ಆ ಜೋಪಾನ ಅನ್ನೋದು ಯಾರದೋ ಕೈಕೆಲಸ. ಲಿಫ್ಟಿನ ಕೆಳಗೆ ನಿಂತು, ತೋಳಿಗೆ ಗ್ರೀಸು ಮೆತ್ತಿಸಿಕೊಂಡು ಮಾಡಿದ ಕೆಲಸ. ಮುರಕಾಮಿ ಅದಕ್ಕೆ ಒಬ್ಬ ಮನುಷ್ಯನನ್ನಾದರೂ ಇಟ್ಟಿದ್ದರು. ಹಮಗುಚಿ ಅವನನ್ನು ತೆಗೆದುಬಿಟ್ಟಿದ್ದರಿಂದ, ಪ್ರೀತಿ ಇದ್ದರೆ ಸಾಕು, ಹಳೇದು ತಾನಾಗೇ ಉಳಿಯುತ್ತೆ ಅನ್ನೋ ಭಾವ ಬರುತ್ತೆ. ಉಳಿಯೋದಿಲ್ಲ ರೀ. ಪ್ರೀತಿ ಇದ್ದರೂ ತೊಳೀಬೇಕು.

‘ಇದು ದುಃಖದ ಸಿನಿಮಾ, ಗ್ಯಾರೇಜಿನದ್ದಲ್ಲ’ ಅಂತ ಯಾರಾದರೂ ಹೇಳಬಹುದು. ಆದರೆ ದುಃಖವನ್ನು ದಿನಾ ನಿಭಾಯಿಸೋ ಕೆಲಸ ಅಂತ ತೋರಿಸೋಕೆ ಹೊರಟ ಸಿನಿಮಾ ಇದು. ಅದೇ ಸಾಲು ಮತ್ತೆ ಮತ್ತೆ ಓದಿಸೋ ನಾಟಕದ ತಾಲೀಮನ್ನು ಅಷ್ಟು ಹೊತ್ತು ತೋರಿಸೋ ನಿರ್ದೇಶಕ, ಅಂಥದ್ದೇ ಇನ್ನೊಂದು ತಾಲೀಮಿಗೆ ಎರಡು ನಿಮಿಷ ಕೊಟ್ಟಿದ್ದರೆ ಸಾಕಿತ್ತು.

ಇಷ್ಟೆಲ್ಲ ಹೇಳಿದಮೇಲೂ ಕೊನೆಯ ದೃಶ್ಯಕ್ಕೆ ನಾನು ಕೈಮುಗಿಯುತ್ತೀನಿ. ಕೊರಿಯಾ. ಮಾಸ್ಕ್ ಹಾಕಿಕೊಂಡ ಮಿಸಾಕಿ ಅಂಗಡಿಯಿಂದ ಸಾಮಾನು ತಂದು ಅದೇ ಕೆಂಪು ಸಾಬ್ ಹತ್ತುತ್ತಾಳೆ. ಒಳಗೊಂದು ನಾಯಿ. ಕಾರು ಇವಳ ಕೈಗೆ ಹೇಗೆ ಬಂತು ಅಂತ ಯಾರೂ ಹೇಳೋದಿಲ್ಲ. ಒಂದು ಸಣ್ಣ ವಿಷಯ ಗಮನಿಸಿ: ಈ ಕಾರಿನ ಸ್ಟೇರಿಂಗು ಎಡಗಡೆ. ಜಪಾನಿನಲ್ಲಿ ನಮ್ಮ ಹಾಗೇ ರಸ್ತೆಯ ಎಡಗಡೆ ಹೋಗ್ತಾರೆ, ಹಾಗಾಗಿ ಇಷ್ಟು ಹೊತ್ತೂ ಅದು ತಪ್ಪು ಬದಿಯ ಕಾರು. ಕೊರಿಯಾದಲ್ಲಿ ಬಲಗಡೆ ಹೋಗ್ತಾರೆ. ಮೊದಲ ಸಲ ಅದು ತನ್ನ ರಸ್ತೆಗೆ ಬಂದಿದೆ, ತರಕಾರಿ ಹೊರೋ ಗಾಡಿಯಾಗಿದೆ, ನಾಯಿಯ ಕೂದಲು ಬೀಳೋ ಗಾಡಿಯಾಗಿದೆ. ಹಳೇ ಕಾರಿಗೆ ಇದಕ್ಕಿಂತ ಒಳ್ಳೆ ಗತಿ ಇಲ್ಲ.

ಕೊರಿಯಾದ ಚಳಿಗಾಲದ ರಸ್ತೆಗೂ ಉಪ್ಪು ಹಾಕ್ತಾರೆ. ಹಿಮದ ನಾಡಿನ ಹುಡುಗಿ, ಅವಳಿಗೆ ಗೊತ್ತಿರುತ್ತೆ. ಒಂದು ಒಳ್ಳೆ ಗ್ಯಾರೇಜು ಹುಡುಕಿಕೊಂಡಿರ್ತಾಳೆ.